ಅದಿರಿದ್ದ ನಾಡಿನಲ್ಲಿ ಉರುವಲಿನ ಪ್ರಶ್ನೆ: ಕರ್ನಾಟಕದ ಕಬ್ಬಿಣದ ಕುಲುಮೆಗಳು

ಕರ್ನಾಟಕದಲ್ಲಿ ಕಬ್ಬಿಣದ ಅದಿರಿಗೆ ಎಂದೂ ಬರವಿರಲಿಲ್ಲ. ಬಾಬಾಬುಡನ್ ಗಿರಿ, ಕುದುರೆಮುಖ, ಸಂಡೂರು, ಹೊಸಪೇಟೆಗಳ ಬೆಟ್ಟಸಾಲುಗಳಲ್ಲಿ ಅದಿರು ಹೇರಳವಾಗಿದ್ದರೆ, ಬಯಲುಸೀಮೆಯ ಹಳ್ಳಕೊಳ್ಳಗಳಲ್ಲಿ ಮಳೆನೀರು ಬಂಡೆಗಳಿಂದ ತೊಳೆದು ತಂದ ಕಪ್ಪು ಮರಳಿನ ರೂಪದಲ್ಲಿಯೂ ಅದು ದೊರೆಯುತ್ತಿತ್ತು. ಆದರೆ ಅದಿರನ್ನು ಲೋಹವನ್ನಾಗಿಸಲು ಬೇಕಾದ ಕಲ್ಲಿದ್ದಲಿನ ನಿಕ್ಷೇಪ ಈ ನಾಡಿನ ನೆಲದಲ್ಲಿ ಇಲ್ಲ. ಈ ಒಂದು ಕೊರತೆಯು ಇಲ್ಲಿನ ಕಬ್ಬಿಣದ ಉದ್ಯಮದ ದಿಕ್ಕನ್ನು ಮತ್ತೆಮತ್ತೆ ನಿರ್ಧರಿಸಿದೆ. ಹಳ್ಳಿಯ ಮಣ್ಣಿನ ಕುಲುಮೆಯಿಂದ ಭದ್ರಾವತಿಯ ವಿದ್ಯುತ್ ಕುಲುಮೆಯವರೆಗೆ, ಅಲ್ಲಿಂದ ತೋರಣಗಲ್ಲಿನ ಕಾರ್ಖಾನೆಯವರೆಗೆ ಇಲ್ಲಿ ಬಳಕೆಗೆ ಬಂದ ಒಂದೊಂದು ಬಗೆಯ ಕುಲುಮೆಯೂ ಉರುವಲಿನ ಪ್ರಶ್ನೆಗೆ ಅದರ ಕಾಲದವರು ಕಂಡುಕೊಂಡ ಉತ್ತರವಾಗಿತ್ತು.

ಈ ಮಾತನ್ನು ತಿಳಿಯಲು ಕುಲುಮೆಯಲ್ಲಿ ಉರುವಲು ಮಾಡುವ ಕೆಲಸವನ್ನು ಮೊದಲು ಗಮನಿಸಬೇಕು. ಅದಿರಿನಲ್ಲಿ ಕಬ್ಬಿಣವು ಆಮ್ಲಜನಕದೊಡನೆ ಕೂಡಿಕೊಂಡಿರುತ್ತದೆ. ಅದನ್ನು ಬಿಡಿಸಿಕೊಳ್ಳಬೇಕಾದರೆ ಒಂದೆಡೆ ಹೆಚ್ಚಿನ ಶಾಖ ಬೇಕು, ಇನ್ನೊಂದೆಡೆ ಆಮ್ಲಜನಕವನ್ನು ತನ್ನೆಡೆಗೆ ಸೆಳೆದುಕೊಳ್ಳುವ ವಸ್ತು ಬೇಕು. ಇದ್ದಿಲಿನಲ್ಲಿರುವ ಇಂಗಾಲವು ಈ ಎರಡೂ ಕೆಲಸಗಳನ್ನು ಮಾಡುತ್ತದೆ: ಅದು ಉರಿದು ಕಾವನ್ನು ಕೊಡುತ್ತದೆ, ಅರೆಬರೆ ಉರಿದಾಗ ಹುಟ್ಟುವ ಇಂಗಾಲದ ಮೊನಾಕ್ಸೈಡ್ ಅನಿಲವು ಅದಿರಿನೊಳಗಿನ ಆಮ್ಲಜನಕವನ್ನು ಹೊತ್ತೊಯ್ಯುತ್ತದೆ. ಈ ಎರಡನೆಯ ಕ್ರಿಯೆಯನ್ನು ಅಪಕರ್ಷಣೆ ಎಂದು ಕರೆಯುತ್ತಾರೆ. ಅದಿರಿನಿಂದ ಲೋಹ ತೆಗೆಯುವ ಕುಲುಮೆಗಳ ಬಗೆಗಳನ್ನು ಬೇರ್ಪಡಿಸಿ ನೋಡುವಾಗ ಈ ಎರಡು ಕೆಲಸಗಳನ್ನು ಯಾವ ವಸ್ತುವಿನಿಂದ, ಎಷ್ಟು ಗಾಳಿಯ ನೆರವಿನಿಂದ, ಒಂದೇ ಕಡೆ ಮಾಡಿಸಲಾಗಿದೆಯೋ ಬೇರೆಬೇರೆಯಾಗಿ ಮಾಡಿಸಲಾಗಿದೆಯೋ ಎಂಬುದೇ ಮುಖ್ಯ ಅಳತೆಗೋಲಾಗುತ್ತದೆ.

ತಿದಿಯ ಕಾಲ

ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ ಅವರು 1965ರಲ್ಲಿ ನಡೆಸಿದ ಉತ್ಖನನದಲ್ಲಿ ದೊರೆತ ಕಬ್ಬಿಣದ ವಸ್ತುಗಳು, ಆ ಪದರದ ಇದ್ದಿಲಿನ ಕಾಲನಿರ್ಣಯದ ಆಧಾರದ ಮೇಲೆ, ಕ್ರಿಸ್ತಪೂರ್ವ 1000ದ ಸುಮಾರಿಗೆ ಸೇರುತ್ತವೆ ಎಂದು ತಿಳಿದುಬಂದಾಗ, ದಕ್ಷಿಣ ಭಾರತದ ಕಬ್ಬಿಣ ಯುಗದ ಆರಂಭವನ್ನು ಬಹಳ ಈಚಿನದೆಂದು ಭಾವಿಸಿದ್ದ ವಿದ್ವಾಂಸರು ತಮ್ಮ ಲೆಕ್ಕವನ್ನು ತಿದ್ದಿಕೊಳ್ಳಬೇಕಾಯಿತು. ಅದಕ್ಕೆ ಮೊದಲು 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದು ನೋಡಿದ ಬೃಹತ್ ಶಿಲಾಗೋರಿಗಳಲ್ಲಿಯೂ ಕಬ್ಬಿಣದ ಆಯುಧ ಮತ್ತು ಉಪಕರಣಗಳು ಸಿಕ್ಕಿದ್ದವು. ಹಳಗನ್ನಡದಲ್ಲಿ ‘ಕರ್ಬುನ’ ಎಂದಿದ್ದ ಹೆಸರು ಹೊಸಗನ್ನಡಕ್ಕೆ ಬರುವಾಗ ‘ಕಬ್ಬಿಣ’ವಾಗಿ ಸವೆಯಿತು; ಲೋಹವನ್ನು ತೆಗೆಯುವ ವಿಧಾನ ಮಾತ್ರ ಆ ದೀರ್ಘಾವಧಿಯಲ್ಲಿ ತನ್ನ ಮೂಲ ತತ್ತ್ವವನ್ನು ಬದಲಿಸಲಿಲ್ಲ.

ಆ ವಿಧಾನದ ಕುಲುಮೆಯು ಮಣ್ಣಿನಿಂದ ಕಟ್ಟಿದ, ಮನುಷ್ಯನ ಎತ್ತರವನ್ನು ಹೆಚ್ಚಾಗಿ ಮೀರದ ಗೂಡು. ಅದರ ಬಾಯಿಂದ ಅದಿರನ್ನೂ ಇದ್ದಿಲನ್ನೂ ಸರದಿಯಂತೆ ಸುರಿದು, ಬುಡದಲ್ಲಿ ತೂರಿಸಿದ ಮಣ್ಣಿನ ಊದುಗೊಳವೆಗಳ ಮೂಲಕ ಚರ್ಮದ ತಿದಿಗಳಿಂದ ಗಂಟೆಗಟ್ಟಲೆ ಗಾಳಿ ಒತ್ತುತ್ತಿದ್ದರು. ಶುದ್ಧ ಕಬ್ಬಿಣ ಕರಗಲು 1,538 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು; ಕೈತಿದಿಯ ಗಾಳಿಗೆ ಇಂಥ ಗೂಡು ಸುಮಾರು 1,200 ಡಿಗ್ರಿಯವರೆಗೆ ಕಾಯಬಲ್ಲುದಾಗಿದ್ದರಿಂದ, ಅಲ್ಲಿ ಕರಗಿ ಹರಿಯುತ್ತಿದ್ದುದು ಕಬ್ಬಿಣವಲ್ಲ, ಅದಿರಿನೊಳಗಿನ ಕಲ್ಮಷ. ಹೀಗೆ ಹರಿದು ಗಟ್ಟಿಯಾದ ಗಾಜಿನಂಥ ಕಸವನ್ನೇ ಕಿಟ್ಟ ಎನ್ನುತ್ತಾರೆ. ಕಬ್ಬಿಣವು ಕರಗದೆಯೇ ಆಮ್ಲಜನಕವನ್ನು ಕಳೆದುಕೊಂಡು, ಸ್ಪಂಜಿನಂತೆ ತೂತುತೂತಾದ ಮುದ್ದೆಯಾಗಿ ತಳದಲ್ಲಿ ಉಳಿಯುತ್ತಿತ್ತು. ಗೂಡಿನ ಮುಂಭಾಗವನ್ನು ಒಡೆದು ಆ ಮುದ್ದೆಯನ್ನು ಇಕ್ಕುಳದಿಂದ ಎಳೆದು, ಕೆಂಪಾಗಿರುವಾಗಲೇ ಬಡಿದು, ಒಳಗೆ ಸಿಕ್ಕಿಕೊಂಡ ಕಿಟ್ಟವನ್ನು ಹಿಂಡಿ ತೆಗೆದಾಗ ಮೆದು ಕಬ್ಬಿಣ ಸಿದ್ಧವಾಗುತ್ತಿತ್ತು. ಇಂಗಾಲದ ಅಂಶ ಅತ್ಯಲ್ಪವಾಗಿರುವ ಈ ಕಬ್ಬಿಣವು ಬಾಗುತ್ತದೆ, ಬೆಸೆಯುತ್ತದೆ, ಆದರೆ ಸುಲಭವಾಗಿ ಮುರಿಯುವುದಿಲ್ಲ. ನೇಗಿಲಿನ ಗುಳ, ಗುದ್ದಲಿ, ಬಂಡಿಯ ಪಟ್ಟಿ, ಬಾಗಿಲಿನ ಚಿಲಕಗಳಿಗೆ ಅದು ಹೇಳಿ ಮಾಡಿಸಿದಂತಿತ್ತು.

ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಆದೇಶದಂತೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಈ ಕುಲುಮೆಗಳನ್ನು ಕಂಡು ವಿವರವಾಗಿ ವರ್ಣಿಸಿದ್ದಾನೆ. ಮಾಗಡಿಯ ಸುತ್ತಿನಲ್ಲಿಯೂ ಇಂದಿನ ತುಮಕೂರು ಜಿಲ್ಲೆಯ ಚನ್ನರಾಯನದುರ್ಗದ ಸುತ್ತಿನಲ್ಲಿಯೂ ಮಳೆಗಾಲದ ತೊರೆಗಳು ತಂದ ಕಪ್ಪು ಮರಳನ್ನು ಕೂಡಿಟ್ಟು ಕರಗಿಸುವ ಪದ್ಧತಿಯನ್ನು ಅವನು ದಾಖಲಿಸಿದ್ದಾನೆ. ಆ ಬರವಣಿಗೆಯಿಂದ ಸ್ಪಷ್ಟವಾಗುವ ಸಂಗತಿಯೆಂದರೆ, ಅಂದಿನ ಕಬ್ಬಿಣದ ಉದ್ಯಮ ಒಂದು ಊರಿನಲ್ಲಿ ಕೇಂದ್ರೀಕೃತವಾಗಿರದೆ, ಕಾಡಿನ ಅಂಚುಗಳಲ್ಲಿ ಚಿಕ್ಕಚಿಕ್ಕ ಕುಲುಮೆಗಳಾಗಿ ಚದುರಿಕೊಂಡಿತ್ತು ಎಂಬುದು. ಅದಕ್ಕೆ ಕಾರಣ ಉರುವಲೇ. ಒಂದು ತೂಕದ ಕಬ್ಬಿಣಕ್ಕೆ ಅದರ ಹಲವು ಪಟ್ಟು ಇದ್ದಿಲು ಬೇಕಾಗುತ್ತಿದ್ದುದರಿಂದಲೂ, ಹಗುರವಾಗಿ ಪುಡಿಯಾಗುವ ಇದ್ದಿಲನ್ನು ದೂರಕ್ಕೆ ಸಾಗಿಸುವುದು ನಷ್ಟದ ವ್ಯವಹಾರವಾಗಿದ್ದುದರಿಂದಲೂ, ಕುಲುಮೆಯು ಕಾಡಿನ ಬಳಿಗೆ ಹೋಗಲೇಬೇಕಿತ್ತು. ಇಂದಿಗೂ ಹಲವು ಹಳ್ಳಿಗಳ ಹೊಲಗಳಲ್ಲಿ ಕಾಣಸಿಗುವ ಕಿಟ್ಟದ ಗುಡ್ಡೆಗಳು ಒಂದು ಕಾಲಕ್ಕೆ ಅಲ್ಲಿ ಕಾಡು ಎಷ್ಟು ಸಮೀಪದಲ್ಲಿತ್ತು ಎಂಬುದನ್ನೂ ಸೂಚಿಸುತ್ತವೆ.

ಮೂಸೆಯ ಉಕ್ಕು

ಮೆದು ಕಬ್ಬಿಣಕ್ಕೆ ಅಲಗು ನಿಲ್ಲುವುದಿಲ್ಲ. ಕತ್ತಿ, ಉಳಿ, ಕ್ಷೌರದ ಕತ್ತಿಗಳಿಗೆ ಬೇಕಾದ ಗಡಸುತನವು ಕಬ್ಬಿಣಕ್ಕೆ ಅಳತೆಯರಿತು ಇಂಗಾಲವನ್ನು ಸೇರಿಸಿದಾಗ ಮಾತ್ರ ಬರುತ್ತದೆ, ಆಗ ಅದನ್ನು ಉಕ್ಕು ಎನ್ನುತ್ತೇವೆ. ಇದಕ್ಕಾಗಿ ದಕ್ಷಿಣ ಭಾರತದ ಕುಶಲಿಗಳು ಬಳಸಿದ್ದು ಮೂಸೆಯ ಕುಲುಮೆ. ಮೂಸೆಯೆಂದರೆ ಬೆಂಕಿಯ ತಾಪವನ್ನು ತಾಳಿಕೊಳ್ಳುವ ಮುಚ್ಚಿದ ಮಣ್ಣಿನ ಪಾತ್ರೆ. ಬತ್ತದ ಹೊಟ್ಟನ್ನು ಕಲಸಿದ ಜೇಡಿಮಣ್ಣಿನಿಂದ ಅದನ್ನು ಮಾಡುವುದು ರೂಢಿಯಲ್ಲಿತ್ತು. ಬುಕಾನನ್ ಕಂಡಂತೆ, ಪ್ರತಿಯೊಂದು ಮೂಸೆಯಲ್ಲಿ ಒಂದು ತುಂಡು ಮೆದು ಕಬ್ಬಿಣವನ್ನೂ ತಂಗಡಿ ಗಿಡದ ಒಣ ಕಡ್ಡಿಗಳನ್ನೂ ಕೆಲವು ಹಸಿ ಎಲೆಗಳನ್ನೂ ಇಟ್ಟು, ಬಾಯಿಗೆ ಹಸಿಮಣ್ಣಿನ ಮುಚ್ಚಳ ಮೆತ್ತಿ, ಸುಮಾರು ಹದಿನೈದು ಮೂಸೆಗಳನ್ನು ಕಮಾನಿನಾಕಾರದಲ್ಲಿ ಜೋಡಿಸಿ, ಇದ್ದಿಲನ್ನು ಸುರಿದು ತಿದಿ ಒತ್ತುತ್ತಿದ್ದರು. ಇಲ್ಲಿ ಉರುವಲಿನ ಎರಡು ಕೆಲಸಗಳು ಬೇರ್ಪಟ್ಟಿರುವುದನ್ನು ಗಮನಿಸಬೇಕು: ಹೊರಗಿನ ಇದ್ದಿಲು ಕಾವನ್ನಷ್ಟೇ ಕೊಡುತ್ತದೆ, ಲೋಹಕ್ಕೆ ಸೇರಬೇಕಾದ ಇಂಗಾಲವನ್ನು ಮೂಸೆಯೊಳಗಿನ ಕಡ್ಡಿ ಮತ್ತು ಎಲೆಗಳು ಒದಗಿಸುತ್ತವೆ. ಇಂಗಾಲ ಬೆರೆಯುತ್ತ ಹೋದಂತೆ ಕಬ್ಬಿಣದ ಕರಗುವ ಬಿಂದು ಇಳಿಯುವುದರಿಂದ, ಮಣ್ಣಿನ ಕುಲುಮೆಯಲ್ಲಿ ಎಂದೂ ಕರಗದ ಲೋಹವು ಮೂಸೆಯಲ್ಲಿ ಕರಗಿ, ಕಿಟ್ಟದ ಸೋಂಕಿಲ್ಲದ ಪುಟ್ಟ ಗಟ್ಟಿಯಾಗಿ ಹೆಪ್ಪುಗಟ್ಟುತ್ತಿತ್ತು.

ಶೇಕಡ ಒಂದರಿಂದ ಎರಡರಷ್ಟು ಇಂಗಾಲವಿದ್ದ ಈ ಗಟ್ಟಿಗಳನ್ನು ನಿಧಾನವಾಗಿ ಆರಿಸಿ, ಹದವಾದ ಕಾವಿನಲ್ಲಿ ಬಡಿದಾಗ ಅಲಗಿನ ಮೇಲೆ ನೀರಿನ ತೆರೆಯಂಥ ಗೆರೆಗಳು ಮೂಡುತ್ತಿದ್ದವು. ಪಶ್ಚಿಮ ಏಷ್ಯಾದ ಹೆಸರಾಂತ ಖಡ್ಗಗಳಿಗೆ ದಕ್ಷಿಣ ಭಾರತದಿಂದ ಹೋದ ಇಂಥ ಉಕ್ಕು ಬಳಕೆಯಾಗುತ್ತಿತ್ತು. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ದೊರೆತ ಮೂಸೆಯ ಚೂರುಗಳನ್ನು ಲೋಹಶಾಸ್ತ್ರಜ್ಞರು ಪರೀಕ್ಷಿಸಿ, ಅಲ್ಲಿ ಉಕ್ಕಿನ ತಯಾರಿಕೆ ನಡೆದುದನ್ನು ಖಚಿತಪಡಿಸಿದ್ದಾರೆ. 1794ರಲ್ಲಿ ಮುಂಬಯಿಯಿಂದ ಹೆಲೆನಸ್ ಸ್ಕಾಟ್ ಎಂಬ ವೈದ್ಯನು ಇದರ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳುಹಿಸಿದನು. ಮರುವರ್ಷ ಜಾರ್ಜ್ ಪಿಯರ್ಸನ್ ಆ ಸಂಸ್ಥೆಯ ಮುಂದಿಟ್ಟ ಪ್ರಬಂಧದಲ್ಲಿ ‘ವೂಟ್ಸ್’ ಎಂಬ ಹೆಸರು ಅಚ್ಚಾಯಿತು. ಆ ಹೆಸರಿನ ಮೂಲ ಕನ್ನಡದ ‘ಉಕ್ಕು’ ಎಂಬುದು ವಿದ್ವಾಂಸರಲ್ಲಿ ಹೆಚ್ಚಿನವರ ಅಭಿಪ್ರಾಯ. ಕಮ್ಮಾರನ ಮಗನಾಗಿ ಹುಟ್ಟಿದ ಮೈಕೆಲ್ ಫ್ಯಾರಡೆಯು ವಿದ್ಯುತ್ತಿನ ಸಂಶೋಧನೆಗಳಿಂದ ಹೆಸರಾಗುವ ಮೊದಲೇ, ಜೇಮ್ಸ್ ಸ್ಟೊಡಾರ್ಟ್ ಎಂಬ ಕತ್ತಿ ತಯಾರಕನೊಡನೆ ಸೇರಿ ಈ ಉಕ್ಕಿನ ಗುಟ್ಟನ್ನು ಅರಿಯಲು ಪ್ರಯೋಗಗಳನ್ನು ನಡೆಸಿ, 1820ರಲ್ಲಿ ಉಕ್ಕಿನ ಮಿಶ್ರಲೋಹಗಳ ಬಗ್ಗೆ ಪ್ರಬಂಧ ಪ್ರಕಟಿಸಿದನು.

ಯುರೋಪಿನ ಪ್ರಯೋಗಶಾಲೆಗಳು ಇದನ್ನು ಅಧ್ಯಯನ ಮಾಡುತ್ತಿದ್ದ ಅದೇ ಶತಮಾನದಲ್ಲಿ ಇಲ್ಲಿನ ಕುಲುಮೆಗಳು ಒಂದೊಂದಾಗಿ ಆರಿದವು. ಹಡಗು ಮತ್ತು ರೈಲಿನಲ್ಲಿ ಬಂದಿಳಿದ ಅಗ್ಗದ ವಿಲಾಯತಿ ಕಬ್ಬಿಣವು ಮಾರುಕಟ್ಟೆಯನ್ನು ಕಸಿದುಕೊಂಡಿತು. ಕಾಡುಗಳು ಸರ್ಕಾರದ ಮೀಸಲಿಗೆ ಒಳಪಟ್ಟು ಇದ್ದಿಲು ಸುಡುವುದಕ್ಕೆ ನಿರ್ಬಂಧಗಳು ಬಂದವು. ಮೊದಲನೆಯದು ಬೆಲೆಯನ್ನು ಕೆಡಿಸಿತು, ಎರಡನೆಯದು ಉರುವಲನ್ನು ತಪ್ಪಿಸಿತು. ಹಳ್ಳಿಯ ಕಮ್ಮಾರನ ಕುಲುಮೆ ಉಳಿದುಕೊಂಡಿತಾದರೂ, ಅದು ಕೊಂಡು ತಂದ ಕಬ್ಬಿಣವನ್ನು ಕಾಯಿಸಿ ಬಡಿಯುವ ಕುಲುಮೆಯಾಗಿತ್ತೇ ಹೊರತು ಅದಿರಿನಿಂದ ಲೋಹ ತೆಗೆಯುವ ಕುಲುಮೆಯಾಗಿರಲಿಲ್ಲ.

ಬೆಂಕಿಪುರದ ಊದುಕುಲುಮೆ

ಆ ವಿಲಾಯತಿ ಕಬ್ಬಿಣವನ್ನು ಅಗ್ಗವಾಗಿಸಿದ್ದು ಊದುಕುಲುಮೆ. ಇದು ಎತ್ತರದ ಗೋಪುರದಂಥ ಕುಲುಮೆ. ಮೇಲಿನಿಂದ ಅದಿರು, ಉರುವಲು ಮತ್ತು ಕಿಟ್ಟವನ್ನು ತೆಳುವಾಗಿಸುವ ಸುಣ್ಣಕಲ್ಲು ಇಳಿಯುತ್ತಿದ್ದರೆ, ಕೆಳಗಿನಿಂದ ಯಂತ್ರಗಳು ಊದುವ ಗಾಳಿ ಮೇಲೇರುತ್ತದೆ. ಒಳಗಿನ ಕಾವು ಹೆಚ್ಚಿರುವುದರಿಂದ ಕಬ್ಬಿಣವು ಶೇಕಡ ನಾಲ್ಕರಷ್ಟು ಇಂಗಾಲವನ್ನು ಹೀರಿ ಪೂರ್ತಿ ಕರಗುತ್ತದೆ, ಕಿಟ್ಟ ಅದರ ಮೇಲೆ ತೇಲುತ್ತದೆ, ಎರಡನ್ನೂ ಬೇರೆಬೇರೆ ಕಂಡಿಗಳಿಂದ ಹರಿಸಿಕೊಳ್ಳುತ್ತಾರೆ. ಗೂಡನ್ನು ಒಡೆಯುವ ಅಗತ್ಯವಿಲ್ಲದ ಕಾರಣ ಕುಲುಮೆ ವರ್ಷಗಟ್ಟಲೆ ಆರದೆ ಉರಿಯಬಲ್ಲುದು. 1709ರಲ್ಲಿ ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲ್‌ನಲ್ಲಿ ಏಬ್ರಹಾಂ ಡಾರ್ಬಿಯು ಇದ್ದಿಲಿನ ಬದಲು ಕೋಕ್ ಬಳಸಿ ಇಂಥ ಕುಲುಮೆಯನ್ನು ನಡೆಸಿದನು. ಗಾಳಿಯಾಡದ ಗೂಡಿನಲ್ಲಿ ಕಲ್ಲಿದ್ದಲನ್ನು ಕಾಯಿಸಿ ಹೊಗೆ, ಟಾರುಗಳನ್ನು ಕಳೆದಾಗ ಉಳಿಯುವ ಗಟ್ಟಿ ಇಂಗಾಲವೇ ಕೋಕ್. ಇದ್ದಿಲು ಮೇಲಿನ ಭಾರಕ್ಕೆ ಪುಡಿಯಾಗಿ ಗಾಳಿಯ ದಾರಿಯನ್ನು ಮುಚ್ಚುತ್ತದೆ. ಕೋಕ್ ಭಾರವನ್ನು ತಾಳುತ್ತದೆ. ಆದ್ದರಿಂದ ಕೋಕ್ ಬಂದ ಮೇಲೆ ಕುಲುಮೆಗಳ ಎತ್ತರ ಬೆಳೆಯತೊಡಗಿತು. 1828ರಲ್ಲಿ ಜೇಮ್ಸ್ ನೀಲ್ಸನ್ ಊದುವ ಗಾಳಿಯನ್ನೇ ಮೊದಲು ಕಾಯಿಸುವ ವಿಧಾನವನ್ನು ತಂದಾಗ ಉರುವಲಿನ ಖರ್ಚು ಮತ್ತಷ್ಟು ಇಳಿಯಿತು.

ಬಂಗಾಳ ಮತ್ತು ಬಿಹಾರದ ಕಲ್ಲಿದ್ದಲ ಸೀಮೆಯ ಆಸರೆಯಲ್ಲಿ ನಿಂತ ಜಮ್‌ಶೆಡ್‌ಪುರದ ಟಾಟಾ ಕಾರ್ಖಾನೆಯು 1911ರಲ್ಲಿ ಕಬ್ಬಿಣವನ್ನು ಹರಿಸಿತು. ಮೈಸೂರು ಸಂಸ್ಥಾನಕ್ಕೆ ಅಂಥ ಆಸರೆಯಿರಲಿಲ್ಲ. 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ರೂಪುಗೊಂಡ ಕಬ್ಬಿಣದ ಕಾರ್ಖಾನೆಯ ಯೋಜನೆಯು ಆದ್ದರಿಂದಲೇ ಮಲೆನಾಡಿನ ಕಾಡನ್ನು ನೆಚ್ಚಿಕೊಂಡಿತು. ಟಾಟಾ ಕಾರ್ಖಾನೆಗೂ ಸಲಹೆ ನೀಡಿದ್ದ ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಪೇಜ್ ಪೆರಿನ್ ಅವರ ಸಲಹೆ ಪಡೆದು, ಭದ್ರಾ ನದಿಯ ದಡದಲ್ಲಿ, ಹಿಂದೆ ಬೆಂಕಿಪುರವೆಂದು ಕರೆಯಲಾಗುತ್ತಿದ್ದ ಭದ್ರಾವತಿಯಲ್ಲಿ ಕಾರ್ಖಾನೆಯನ್ನು ಕಟ್ಟಲಾಯಿತು. 1923ರ ಜನವರಿ 18ರಂದು ಅದು ಕಾರ್ಯಾರಂಭ ಮಾಡಿತು.

ಕಾರ್ಖಾನೆಯ ಮೊದಲ ಹೆಸರಿನಲ್ಲಿಯೇ ಕಬ್ಬಿಣಕ್ಕಿಂತ ಮುಂಚೆ ಮರದ ಪ್ರಸ್ತಾಪವಿತ್ತು: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಡಿಸ್ಟಿಲೇಷನ್ ಎಂದರೆ ಇಲ್ಲಿ ಮರವನ್ನು ಬಟ್ಟಿ ಇಳಿಸುವುದು. ಹಳ್ಳಿಗರು ಮಣ್ಣು ಮುಚ್ಚಿ ಮರ ಸುಡುವಾಗ ಹೊಗೆಯಾಗಿ ಹೋಗುತ್ತಿದ್ದುದನ್ನು ಇಲ್ಲಿ ವ್ಯರ್ಥವಾಗಲು ಬಿಡಲಿಲ್ಲ. ಗಾಳಿಯಾಡದ ಉಕ್ಕಿನ ಕೋಣೆಗಳಲ್ಲಿ ಮರವನ್ನು ಕಾಯಿಸಿ, ಹೊಮ್ಮಿದ ಆವಿಯನ್ನು ತಣಿಸಿ, ಮರದ ಆಲ್ಕೊಹಾಲ್, ಅಸಿಟೇಟ್ ಆಫ್ ಲೈಮ್, ಟಾರುಗಳನ್ನು ಪಡೆದು, ಉಳಿದ ಇದ್ದಿಲನ್ನು ಊದುಕುಲುಮೆಗೆ ಕೊಡುವುದು ಯೋಜನೆಯಾಗಿತ್ತು. ಉಪೋತ್ಪನ್ನಗಳ ಮಾರಾಟದಿಂದ ಬಂದ ಹಣವು ಇದ್ದಿಲಿನ ಬೆಲೆಯನ್ನು ತಗ್ಗಿಸಿ, ಕಲ್ಲಿದ್ದಲಿಲ್ಲದ ಕೊರತೆಯನ್ನು ಸರಿದೂಗಿಸಬೇಕೆಂಬುದು ಅದರ ಹಿಂದಿನ ಲೆಕ್ಕಾಚಾರ. ಬಾಬಾಬುಡನ್ ಸಾಲಿನ ಕೆಮ್ಮಣ್ಣುಗುಂಡಿಯಿಂದ ಅದಿರು ತೂಗುಹಗ್ಗದ ದಾರಿಯಲ್ಲಿ ಬೆಟ್ಟವಿಳಿದು ಕಿರುರೈಲಿನಲ್ಲಿ ಬರುತ್ತಿತ್ತು. ಸುಣ್ಣಕಲ್ಲು ಸಮೀಪದ ಭಂಡಿಗುಡ್ಡದಿಂದ ಒದಗುತ್ತಿತ್ತು. ಮರ ಶಿವಮೊಗ್ಗ ಮತ್ತು ಅಂದಿನ ಕಡೂರು ಜಿಲ್ಲೆಗಳ ಕಾಡುಗಳಿಂದ ಬರುತ್ತಿತ್ತು. ಇದ್ದಿಲು ಬಹಳ ಭಾರ ತಾಳದ ಕಾರಣ ಕುಲುಮೆಯನ್ನು ದಿನಕ್ಕೆ 60 ಟನ್ನಿನ ಸಣ್ಣ ಪ್ರಮಾಣದಲ್ಲಿಯೇ ನಿರ್ಮಿಸಲಾಗಿತ್ತು.

ಲೆಕ್ಕ ಮೊದಲ ವರ್ಷಗಳಲ್ಲಿ ಕೈಕೊಟ್ಟಿತು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಬೀಡು ಕಬ್ಬಿಣದ ಬೆಲೆ ಕುಸಿಯಿತು. ಊದುಕುಲುಮೆಯಿಂದ ಬರುವ, ಇಂಗಾಲ ಹೆಚ್ಚಾಗಿರುವ, ಎರಕಕ್ಕೆ ಒದಗುವ ಆದರೆ ಬಡಿದರೆ ಒಡೆಯುವ ಕಬ್ಬಿಣವೇ ಬೀಡು ಕಬ್ಬಿಣ. ಭದ್ರಾವತಿಯ ಕುಲುಮೆ ಉರಿಯತೊಡಗಿದ 1923ರಲ್ಲಿಯೇ ಜರ್ಮನಿಯ ಬಿಎಎಸ್‌ಎಫ್ ಸಂಸ್ಥೆಯು ಮರದ ಆಲ್ಕೊಹಾಲನ್ನು ಮರವಿಲ್ಲದೆ, ಅನಿಲಗಳಿಂದ ತಯಾರಿಸುವ ಕಾರ್ಖಾನೆಯನ್ನು ಆರಂಭಿಸಿತು. ಉಪೋತ್ಪನ್ನವನ್ನು ನೆಚ್ಚಿದ್ದ ಯೋಜನೆಗಳಿಗೆ ಅದು ಎಲ್ಲೆಡೆಯೂ ಪೆಟ್ಟಾಯಿತು. ದಿವಾನಗಿರಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು ಮತ್ತೆ ಕರೆದು ಅವರಿಗೆ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಲಾಯಿತು; 1929ರವರೆಗೆ ಅವರು ಆ ಹೊಣೆಯನ್ನು ಹೊತ್ತರು. ಕೊಳವೆಗಳ ಎರಕದಂಥ ಹೊಸ ಉತ್ಪನ್ನಗಳು, ಖರ್ಚಿನ ಬಿಗಿ ಮತ್ತು ಸಂಸ್ಥಾನದ ಬೆಂಬಲಗಳಿಂದ ಕಾರ್ಖಾನೆ ಉಳಿದುಕೊಂಡಿತು.

ಬೀಡು ಕಬ್ಬಿಣದಿಂದ ಉಕ್ಕು ಮಾಡುವುದು ಮೂಸೆಯ ಕೆಲಸಕ್ಕೆ ತಿರುವುಮುರುವಾದುದು: ಅಲ್ಲಿ ಇಂಗಾಲವನ್ನು ಸೇರಿಸಬೇಕಿತ್ತು, ಇಲ್ಲಿ ಹೆಚ್ಚಾದುದನ್ನು ಸುಟ್ಟು ಕಳೆಯಬೇಕು. 1936ರಲ್ಲಿ ಭದ್ರಾವತಿಯಲ್ಲಿ ಉಕ್ಕಿನ ವಿಭಾಗ ಆರಂಭವಾದಾಗ ಬಳಸಿದ್ದು ತೆರೆದೊಲೆ ಕುಲುಮೆಯನ್ನು. ಸೀಮನ್ಸ್ ಸಹೋದರರು ಮತ್ತು ಫ್ರಾನ್ಸಿನ ಮಾರ್ಟಿನ್ 1860ರ ದಶಕದಲ್ಲಿ ರೂಪಿಸಿದ ಈ ಕುಲುಮೆಯಲ್ಲಿ, ಆಳವಿಲ್ಲದ ಅಗಲವಾದ ತೊಟ್ಟಿಯಲ್ಲಿ ಬೀಡು ಕಬ್ಬಿಣ ಮತ್ತು ಗುಜರಿಯನ್ನು ಹರಡಿ, ಅದರ ಮೇಲೆ ಅನಿಲದ ಜ್ವಾಲೆ ಹಾಯುವಂತೆ ಮಾಡುತ್ತಾರೆ. ಹೊರಹೋಗುವ ಬಿಸಿ ಹೊಗೆಯನ್ನು ಇಟ್ಟಿಗೆಯ ಜಾಲರಿಗಳ ಮೂಲಕ ಹಾಯಿಸಿ, ಆ ಇಟ್ಟಿಗೆಗಳ ಕಾವಿನಿಂದಲೇ ಒಳಬರುವ ಗಾಳಿಯನ್ನು ಕಾಯಿಸುವುದು ಇದರ ಜಾಣ್ಮೆ. ಒಂದು ಸಲದ ಉಕ್ಕು ಹದಕ್ಕೆ ಬರಲು ಹಲವು ಗಂಟೆ ಹಿಡಿಯುತ್ತಿದ್ದರೂ, ಆ ನಿಧಾನವೇ ಗುಣವನ್ನು ನಡುನಡುವೆ ಪರೀಕ್ಷಿಸಿ ತಿದ್ದುವುದಕ್ಕೆ ಅವಕಾಶ ಕೊಡುತ್ತಿತ್ತು.

ಜೋಗದ ನೀರು ಕುಲುಮೆಗೆ

ಕಾಡು ಮುಗಿಯದ ಗಣಿಯಲ್ಲವೆಂಬುದು ಬೇಗನೆ ಅರಿವಿಗೆ ಬಂದಿತು. ಎರಡನೆಯ ಉತ್ತರವೂ ಮಲೆನಾಡಿನಿಂದಲೇ ದೊರೆಯಿತು. 1948ರಲ್ಲಿ ಜೋಗದಲ್ಲಿ ಶರಾವತಿಯ ನೀರಿನಿಂದ ವಿದ್ಯುತ್ ಉತ್ಪಾದನೆ ಆರಂಭವಾದ ಮೇಲೆ, 1952ರಲ್ಲಿ ಭದ್ರಾವತಿಯಲ್ಲಿ ನಾರ್ವೆ ದೇಶದ ಟಿಸ್ಲಂಡ್-ಹೋಲ್ ಮಾದರಿಯ ವಿದ್ಯುತ್ ಕುಲುಮೆಗಳು ಕೆಲಸಕ್ಕೆ ಬಂದವು. ನಾರ್ವೆಯಲ್ಲಿಯೂ ಜಲವಿದ್ಯುತ್ತು ಹೇರಳ, ಕೋಕಿಗೆ ಕೊರತೆ. ಆ ನಾಡಿನ ಉಪಾಯ ಮೈಸೂರಿಗೆ ಒಪ್ಪಿದ್ದು ಆಕಸ್ಮಿಕವಲ್ಲ. ಈ ಕುಲುಮೆಯಲ್ಲಿ ಇಂಗಾಲದ ಭಾರಿ ವಿದ್ಯುದ್ದಂಡಗಳು ಅದಿರು ಮತ್ತು ಇದ್ದಿಲಿನ ರಾಶಿಯೊಳಗೆ ಮುಳುಗಿರುತ್ತವೆ; ಅವುಗಳ ಮೂಲಕ ಹರಿಯುವ ವಿದ್ಯುತ್ತು ರಾಶಿಯನ್ನು ಕಾಯಿಸುತ್ತದೆ. ಕಾವು ಕೊಡುವ ಕೆಲಸವನ್ನು ವಿದ್ಯುತ್ತು ವಹಿಸಿಕೊಂಡುದರಿಂದ ಇಂಗಾಲಕ್ಕೆ ಅಪಕರ್ಷಣೆಯ ಕೆಲಸವಷ್ಟೇ ಉಳಿಯಿತು. ಊದುವ ಗಾಳಿಯ ಅಗತ್ಯ ತಪ್ಪಿತು, ಇದ್ದಿಲಿನ ಖರ್ಚು ಬಹಳವಾಗಿ ತಗ್ಗಿತು. ಉರುವಲಿನ ಎರಡು ಕೆಲಸಗಳನ್ನು ಅದಿರಿನ ಕುಲುಮೆಯಲ್ಲಿಯೇ ಬೇರ್ಪಡಿಸಿದ್ದು ಇದರ ಮಹತ್ವ. ಆದರೆ ಒಂದು ಟನ್ ಕಬ್ಬಿಣಕ್ಕೆ ಎರಡು ಸಾವಿರ ಯೂನಿಟ್ಟಿಗೂ ಹೆಚ್ಚು ವಿದ್ಯುತ್ತು ಬೇಕಾಗುತ್ತಿದ್ದುದರಿಂದ, ವಿದ್ಯುತ್ತು ಅಗ್ಗವಾಗಿದ್ದಷ್ಟು ಕಾಲ ಮಾತ್ರ ಇದು ಲಾಭದ ದಾರಿಯಾಗಿತ್ತು. ಮನೆ, ಪಂಪ್‌ಸೆಟ್ಟು, ಇತರ ಕೈಗಾರಿಕೆಗಳು ಅದೇ ವಿದ್ಯುತ್ತಿಗೆ ಪಾಲುಗಾರರಾಗಿ ಬಂದಂತೆ ಆ ಅನುಕೂಲವೂ ಕರಗಿತು.

ಮುಳುಗಿದ ದಂಡಗಳ ಇದೇ ತತ್ತ್ವದ ಕುಲುಮೆಗಳು ಫೆರೊಸಿಲಿಕಾನ್, ಫೆರೊಮ್ಯಾಂಗನೀಸ್‌ಗಳ ತಯಾರಿಕೆಗೂ ಒದಗಿದವು. ಉಕ್ಕಿಗೆ ಗುಣ ಕೂಡಿಸಲು ಬೆರೆಸುವ ಈ ಮಿಶ್ರಲೋಹಗಳು ಭದ್ರಾವತಿ, ದಾಂಡೇಲಿ, ಹೊಸಪೇಟೆ ಬಳಿಯ ವ್ಯಾಸನಕೆರೆಗಳಲ್ಲಿ ತಯಾರಾದವು. ಆಸ್ಟ್ರಿಯಾದಲ್ಲಿ ರೂಪುಗೊಂಡ ಎಲ್‌ಡಿ ಕುಲುಮೆಯೂ ಅನಂತರದ ವಿಸ್ತರಣೆಯಲ್ಲಿ ಭದ್ರಾವತಿಗೆ ಬಂದಿತು. ಇದು ಮಡಕೆಯಾಕಾರದ ಪಾತ್ರೆಯಲ್ಲಿನ ಕರಗಿದ ಕಬ್ಬಿಣದ ಮೇಲೆ ಶುದ್ಧ ಆಮ್ಲಜನಕವನ್ನು ಊದಿ, ಅದರೊಳಗಿನ ಇಂಗಾಲವನ್ನೇ ಉರುವಲಾಗಿಸಿ, ತೆರೆದೊಲೆಯ ಹಲವು ಗಂಟೆಗಳ ಕೆಲಸವನ್ನು ಒಂದು ಗಂಟೆಯೊಳಗೆ ಮುಗಿಸುತ್ತದೆ. ಬೆಳಗಾವಿ, ಶಿವಮೊಗ್ಗಗಳ ಫೌಂಡ್ರಿಗಳಲ್ಲಿ, ಎಂದರೆ ಎರಕದ ಕಾರ್ಖಾನೆಗಳಲ್ಲಿ, ಕಾಣುವ ಕುಲುಮೆಗಳು ಅದಿರಿನಿಂದ ಲೋಹ ತೆಗೆಯುವಂಥವಲ್ಲ. ಬೀಡು ಕಬ್ಬಿಣ ಮತ್ತು ಗುಜರಿಯನ್ನು ಮತ್ತೆ ಕರಗಿಸಿ ಅಚ್ಚಿಗೆ ಹೊಯ್ಯುವುದಷ್ಟೇ ಅವುಗಳ ಕೆಲಸ. ಕೋಕ್ ಉರಿಸುವ ಕ್ಯುಪೋಲಾ ಎಂಬ ಎತ್ತರದ ಕೊಳವೆಯಂಥ ಕುಲುಮೆ, ಸುತ್ತಿದ ತಾಮ್ರದ ಸುರುಳಿಯಲ್ಲಿ ವಿದ್ಯುತ್ತು ಹರಿಸಿ ಲೋಹದೊಳಗೇ ಕಾವು ಹುಟ್ಟಿಸುವ ಇಂಡಕ್ಷನ್ ಕುಲುಮೆ, ಇವೆರಡೂ ಅಲ್ಲಿ ಮುಖ್ಯವಾದವು.

ತೋರಣಗಲ್ಲಿನ ಉತ್ತರ

ಮೂರನೆಯ ಉತ್ತರವು ಅದಿರಿನ ಬೆಟ್ಟಗಳ ಮಗ್ಗುಲಲ್ಲಿ, ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಕಾಣಿಸಿಕೊಂಡಿತು. ಅಲ್ಲಿನ ಜಿಂದಾಲ್ ಕಾರ್ಖಾನೆಯು 1999ರಲ್ಲಿ ಕೊರೆಕ್ಸ್ ವಿಧಾನದ ಕುಲುಮೆಯನ್ನು ಆರಂಭಿಸಿತು. ಭಾರತದಲ್ಲಿ ಇದೇ ಮೊದಲನೆಯದು. ಎಲ್ಲ ಕಲ್ಲಿದ್ದಲೂ ಗಟ್ಟಿ ಕೋಕ್ ಆಗುವುದಿಲ್ಲ. ಆಗುವಂಥದು ಭಾರತದಲ್ಲಿ ವಿರಳ, ದುಬಾರಿ. ಕೊರೆಕ್ಸ್ ವಿಧಾನದಲ್ಲಿ ಎರಡು ಪಾತ್ರೆಗಳಿದ್ದು, ಕೆಳಗಿನದರಲ್ಲಿ ಕೋಕ್ ಆಗದ ಕಲ್ಲಿದ್ದಲನ್ನು ಆಮ್ಲಜನಕದೊಡನೆ ಉರಿಸಿ ಅನಿಲವಾಗಿಸುತ್ತಾರೆ; ಆ ಅನಿಲವು ಮೇಲಿನ ಪಾತ್ರೆಗೆ ಏರಿ ಅದಿರಿನ ಆಮ್ಲಜನಕವನ್ನು ಕಳೆಯುತ್ತದೆ; ಹೀಗೆ ದೊರೆತ ಸ್ಪಂಜಿನಂಥ ಕಬ್ಬಿಣ ಕೆಳಗಿಳಿದು ಕರಗುತ್ತದೆ. ಹಳ್ಳಿಯ ಮಣ್ಣಿನ ಗೂಡಿನಲ್ಲಿ ಒಂದೇ ಕಡೆ ನಡೆಯುತ್ತಿದ್ದ ಕೆಲಸಗಳನ್ನು ಇಲ್ಲಿ ಎರಡು ಅಂತಸ್ತುಗಳಿಗೆ ಹಂಚಲಾಗಿದೆ. ಆದರೂ ಕಾರ್ಖಾನೆ ಬೆಳೆದಂತೆ ಅಲ್ಲಿಯೂ ಕೋಕ್ ಉರಿಸುವ ಭಾರಿ ಊದುಕುಲುಮೆಗಳೇ ಮುಖ್ಯವಾದವು.

ಭದ್ರಾವತಿಯ ಕಾರ್ಖಾನೆಯು ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತು, 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಬಂದಿತು. ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ನಿಂತ ಮೇಲೆ ಸ್ವಂತ ಗಣಿಯಿಲ್ಲದಿರುವುದೇ ಅದರ ದೊಡ್ಡ ಕೊರತೆಯೆಂದು ಹೇಳಲಾಗುತ್ತದೆ. ಉರುವಲಿಗಾಗಿ ಹೆಣಗಿದ ಕಾರ್ಖಾನೆಗೆ ಕೊನೆಗೆ ಅದಿರೇ ದೂರವಾಯಿತು. ಕಪ್ಪು ಮರಳಿನ ಕಾಲದಿಂದ ಇಂದಿನವರೆಗಿನ ಈ ಚರಿತ್ರೆಯನ್ನು ಒಟ್ಟಾಗಿ ನೋಡಿದರೆ, ಈ ನಾಡಿನವರಿಗೆ ಲೋಹದ ಅರಿವು ಕಡಿಮೆಯಿದ್ದುದರಿಂದ ಕುಲುಮೆಗಳು ಆರಿದವು ಎಂಬ ಮಾತು ನಿಲ್ಲುವುದಿಲ್ಲ. ಕುಲುಮೆ ಆರಿದ್ದು ಇಲ್ಲವೆ ಸೊರಗಿದ್ದು ಕಾಡು ಕೈತಪ್ಪಿದಾಗ, ಉಪೋತ್ಪನ್ನದ ಬೆಲೆ ಬಿದ್ದಾಗ, ವಿದ್ಯುತ್ತು ತುಟ್ಟಿಯಾದಾಗ. ಸಂಡೂರು, ಹೊಸಪೇಟೆಗಳ ಅದಿರನ್ನು ಇಂದು ಕರಗಿಸುತ್ತಿರುವ ಕಲ್ಲಿದ್ದಲಿನ ಬಹುಪಾಲು ಹೊರದೇಶಗಳಿಂದ ಹಡಗಿನಲ್ಲಿ ಬಂದು, ಗೋವೆಯ ಮುರಗಾವಿನಂಥ ಬಂದರುಗಳಲ್ಲಿ ಇಳಿದು, ಘಟ್ಟ ಹತ್ತಿ ರೈಲಿನಲ್ಲಿ ತೋರಣಗಲ್ಲನ್ನು ತಲುಪುತ್ತದೆ.